ಮೊದಲ ಸಾಲು ನನ್ನದು

ಜನವರಿ ೧೨, ಸೋಮವಾರ

ಕೊಬ್ಬರಿಗೆಂದು ಅಟ್ಟದಲ್ಲಿ ಒಣಗಲು ಇಟ್ಟ ಕಾಯಿಯಲ್ಲಿ ಅರ್ಧ ಇನ್ನೂ ಹಾಗೇ ಇದೆ. ಆದರೂ ಇವತ್ತು ಹಾಡಿದೆವು. ಮುಂದಿನ ತಿಂಗಳ ಒಂದನೇ ತಾರೀಖು ತುರುವೇಕೆರೆಯಲ್ಲಿ ಮಹಿಳೆಯರ ಸಮೂಹಗಾಯನ ಸ್ಪರ್ಧೆ. ಪ್ರಾಕ್ಟೀಸ್‌ಗೆ ಬೇರೆ ಟೈಮ್ ಎಲ್ಲಿ? ನಮ್ಮ ಶೆಡ್ಡಿನಲ್ಲೇ ಆರು ಜನ ಸುತ್ತ ಕೂತು, ಕತ್ತಿಯಲ್ಲಿ ಕರಟ ಬಿಡಿಸುತ್ತಾ ಹಾಡುವುದು. ಚರಣ ಮುಗಿಯುವಷ್ಟರಲ್ಲಿ ಒಂದು ಉಂಡೆ ಕೊಬ್ಬರಿ ರೆಡಿ. ರಾಶಿಗೆ ಎಸೆದು ಮುಂದಿನ ಚರಣ.

ಹಾಡು ಪಕ್ಕದ ಮನೆ ಶಿವರುದ್ರಮ್ಮ ಕಟ್ಟಿದ್ದು. ‘ಅಟ್ಟದ ಮೇಲಣ ಕಾಯಿ, ಕೆಳಗಿಳಿದು ಬಾರೆ ತಾಯಿ’. ಮೊದಲ ಸಾಲು ಒಬ್ಬರೇ ಎತ್ತಬೇಕು. ಅದನ್ನು ನೀನೇ ಎತ್ತು ಎಂದು ನನಗೆ ಕೊಟ್ಟಳು. ಯಾಕೆಂದು ಕೇಳಲಿಲ್ಲ, ಕೇಳಿದರೆ ಮನಸ್ಸು ಬದಲಾಯಿಸಿಯಾಳು. ನಲವತ್ತಾರನೇ ವಯಸ್ಸಿಗೆ ಇಂಥ ಖುಷಿ... ಇವರಿಗೂ ಹೇಳಿಲ್ಲ.

ಅತ್ತೆ ಹಾಡುವುದಿಲ್ಲ. ಮೂಲೆಯಲ್ಲಿ ಕೂತು ಕರಟ ಬಿಡಿಸುತ್ತಾರೆ. “ಹಾಡ್ಕಂಡು ಕೂತ್ರೆ ಕೊಬ್ಬರಿ ತಾನಾಗೇ ಈಚೆಗೆ ಬತ್ತದಾ?” ಎಂದರು. ಅಷ್ಟೇ.

ಜನವರಿ ೧೮, ಭಾನುವಾರ

ಹಬ್ಬದ ಎಳ್ಳುಬೆಲ್ಲ ಇನ್ನೂ ಮುಗಿದಿಲ್ಲ. ಹೈಸ್ಕೂಲಿನ ಸಂಗೀತದ ಮೇಷ್ಟ್ರು ಸೂರ್ಯಪ್ರಕಾಶ್ ಬಂದು ಕೇಳಿದರು. “ಚೆನ್ನಾಗೈತೆ ಕಣ್ರೀ. ತಾಳ ಎಲ್ಲೂ ತಪ್ಪಲ್ಲ” ಎಂದರು. ಎರಡು ಲೋಟ ಕಾಫಿ ಕುಡಿದರು. ನಾನೇ ಕೊಟ್ಟೆ.

ಜನವರಿ ೨೫, ಭಾನುವಾರ

ಬರೆಯಲು ಮನಸ್ಸಿಲ್ಲ. ಆದರೂ...

ಸ್ಟೇಜ್ ಅಭ್ಯಾಸ ಆಗಲೆಂದು ಮೇಷ್ಟ್ರು ಸಮುದಾಯ ಭವನದಲ್ಲಿ ನಿಲ್ಲಿಸಿದರು. ಸಾಲಾಗಿ, ಬರಿಗೈಯಲ್ಲಿ. “ಶುರು ಮಾಡ್ರಿ ಗಿರಿಜಮ್ಮ” ಎಂದರು. ಬಾಯಿ ತೆರೆದೆ. ದನಿ ಬರಲಿಲ್ಲ. ಮತ್ತೆ ಎಂದರು. ಮತ್ತೂ ಬರಲಿಲ್ಲ. ಆಗ ಗೊತ್ತಾಯಿತು — ಇಷ್ಟು ದಿನ ಅತ್ತೆಯ ಕತ್ತಿ ಮೊದಲು ಟಕ್ ಎನ್ನುತ್ತಿತ್ತು, ಅದರ ಹಿಂದೆ ನಾನು. ಆ ಸದ್ದಿಲ್ಲದೆ ಎಲ್ಲಿ ಹಿಡಿಯಬೇಕೋ ತಿಳಿಯಲಿಲ್ಲ.

ಸಾಲಿನಲ್ಲಿ ನನ್ನ ಪಕ್ಕ ನಿಂತಿದ್ದ ಶಿವರುದ್ರಮ್ಮನ ಮಗಳು ವರ್ಷಿಣಿ ಎತ್ತಿದಳು. ಕಾಲೇಜು ಹುಡುಗಿ, ಸಲೀಸಾಗಿ ಬಂತು. ಕತ್ತಿ ತರೋಣವೇ ಎಂದು ಕೇಳಿದೆ. ಸ್ಟೇಜ್ ಮೇಲೆ ಏನನ್ನೂ ಬಾರಿಸುವಂತಿಲ್ಲವಂತೆ, ರೂಲ್ಸು. ಕೊನೆಗೆ ಮೇಷ್ಟ್ರು ಹೇಳಿದ್ದು: ಅವತ್ತು ಮೊದಲ ಅವಕಾಶ ನಿಮಗೇ, ತಡವಾದರೆ ವರ್ಷಿಣಿ ಎತ್ತಿಕೊಳ್ಳಲಿ.

ನ್ಯಾಯವಾಗಿಯೇ ಹೇಳಿದರು. ಹೊಟ್ಟೆ ಉರಿಯಿತು.

ಜನವರಿ ೨೯

ಅತ್ತೆ ಕೇಳಿದರು, “ಅವತ್ತು ಯಾಕೆ ಬಾಯಿ ಬುಡ್ಲಿಲ್ವಂತೆ?” ಯಾರು ಹೇಳಿದರೋ. “ನಿಮ್ಮ ಕತ್ತಿ ಸದ್ದು ಇರ್ಲಿಲ್ಲ ಅತ್ತೆ” ಎಂದೆ. ಅವರು ಇನ್ನೊಂದು ಕಾಯಿ ತೆಗೆದುಕೊಂಡರು.

ಹಿತ್ತಿಲಲ್ಲಿ ಒಬ್ಬಳೇ ಎತ್ತಿ ನೋಡಿದೆ. ಬರಲಿಲ್ಲ.

ಫೆಬ್ರವರಿ ೧, ಭಾನುವಾರ. ಸಂಜೆ

ಈಗ ತಾನೇ ಬಂದೆ. ಸೀರೆ ಕೂಡ ಬದಲಾಯಿಸಿಲ್ಲ.

ಬೆಳಿಗ್ಗೆ ಬಸ್ಸಿಗೆ ಹೊರಟಾಗ ಅತ್ತೆಯೂ ಚೀಲ ಹಿಡಿದು ನಿಂತಿದ್ದರು. “ತುರುವೇಕೆರೆ ನೋಡಿ ಬಾಳ ದಿನ ಆಯ್ತು” ಎಂದರು. ಹೋದ ವಾರವಷ್ಟೇ ಸಂತೆಗೆ ಹೋಗಿದ್ದರು.

ನಮ್ಮದು ಏಳನೇ ತಂಡ. ದಂಡಿನಶಿವರ ಎಂದು ನಮ್ಮೂರ ಹೆಸರು ಮೈಕಿನಲ್ಲಿ ಕೂಗಿದರು. ನಿಂತೆವು. ಹಾಲ್ ತುಂಬ ಜನ. ಬಾಯಿ ತೆರೆದೆ, ದನಿ ಹೊರಡಲಿಲ್ಲ. ನನ್ನ ಪಕ್ಕದಲ್ಲಿ ವರ್ಷಿಣಿ ಉಸಿರು ಎಳೆದುಕೊಂಡದ್ದು ಕೇಳಿಸಿತು. ಹೋಯ್ತು, ಅಂದುಕೊಂಡೆ.

ಟಕ್.

ಎರಡನೇ ಸಾಲಿನ ಕುರ್ಚಿಯಿಂದ. ನಮ್ಮ ಶೆಡ್ಡಿನದೇ ಸದ್ದು. ಯೋಚಿಸುವ ಮೊದಲೇ ಹಾಡು ಹೊರಟಿತ್ತು. ನನ್ನ ದನಿ ಇಷ್ಟು ದೊಡ್ಡದು ಎಂದು ನನಗೇ ಗೊತ್ತಿರಲಿಲ್ಲ. ವರ್ಷಿಣಿ ನನ್ನ ಕೈ ಹಿಂಡಿದಳು.

ಮೈಕ್ ಹಿಡಿದಿದ್ದವಳು ಯಾರದು ಸದ್ದು ಎಂದು ಕತ್ತು ಉದ್ದ ಮಾಡಿದಳು. ಅತ್ತೆ ಸೆರಗು ಹೊದ್ದು, ಏನೂ ತಿಳಿಯದವರ ಥರ ಫ್ಯಾನು ನೋಡುತ್ತಿದ್ದರು. ಸೆರಗಿನೊಳಗೆ ಎರಡು ಕರಟ.

ಮೊದಲ ಚರಣ ಮುಗಿಯಿತು. ಆರೂ ಜನ ಒಟ್ಟಿಗೆ ಇಲ್ಲದ ಕೊಬ್ಬರಿಯನ್ನು ಇಲ್ಲದ ರಾಶಿಗೆ ಎಸೆದೆವು. ಜನ ನಕ್ಕರು, ಆಮೇಲೆ ಚಪ್ಪಾಳೆ. ಎರಡನೇ ಚರಣದಲ್ಲಿ ಎಸೆಯಬಾರದು ಎಂದುಕೊಂಡೆ. ಕೈ ಕೇಳಲಿಲ್ಲ.

ಮೂರನೇ ಬಹುಮಾನ. ಜಡ್ಜು “ಹಾಡಿಗೆ ಅಭಿನಯ ಕೂಡಿಸಿದ್ದು ಚೆನ್ನಾಗಿತ್ತು” ಎಂದರು. ಮೇಷ್ಟ್ರು ಗಂಭೀರವಾಗಿ ತಲೆ ಆಡಿಸಿ ಒಪ್ಪಿಕೊಂಡರು. ಗೋಡೆ ಗಡಿಯಾರ ಕೊಟ್ಟಿದ್ದಾರೆ. ಯಾರ ಮನೆಗೆ ಎಂದು ಬಸ್ಸಿನುದ್ದಕ್ಕೂ ಜಗಳ.

ಅತ್ತೆಗೆ ಥ್ಯಾಂಕ್ಸ್ ಹೇಳಬೇಕೆಂದಿದ್ದೆ. ಕಿಟಕಿ ಪಕ್ಕ ನಿದ್ದೆ ಮಾಡಿಬಿಟ್ಟಿದ್ದರು. ಅಥವಾ ಹಾಗೆ ನಟಿಸಿದರು.

ಫೆಬ್ರವರಿ ೨, ಬೆಳಿಗ್ಗೆ

ತಿಂಡಿ ಆಯಿತು. ಗಡಿಯಾರ ಶೆಡ್ಡಿನಲ್ಲೇ ನೇತುಹಾಕಿದ್ದಾಯಿತು. ಎಲ್ಲರೂ ಬಂದು ಕೂತಿದ್ದಾರೆ, ಆದರೆ ಟಕ್ ಟಕ್ ಕೇಳಿಸುತ್ತಿಲ್ಲ. ಎದ್ದು ಕಿಟಕಿಯಲ್ಲಿ ಬಗ್ಗಿ ನೋಡಿದೆ. ಅತ್ತೆ ಮಡಿಲಲ್ಲಿ ಕಾಯಿ ಇಟ್ಟುಕೊಂಡು, ಕತ್ತಿ ಮೇಲೆತ್ತಿ ಸುಮ್ಮನೆ ಕೂತಿದ್ದಾರೆ.

“ಯಾಕತ್ತೆ?”

“ನೀನು ಎತ್ತು. ನಿನ್ ದನಿ ಕೇಳಿದ್ ಮ್ಯಾಲೇ ನಾನು ಕತ್ತಿ ಹಾಕದು ಕಣೇ. ಬಿರ್ರನೆ ಬಾ, ಕೈ ನೋಯ್ತದೆ.”

ಬಂದೆ ಎಂದಿದ್ದೇನೆ. ಕಣ್ಣು ಒರೆಸಿಕೊಂಡು ಹೋಗಬೇಕು. ಇಲ್ಲಿಂದಲೇ ಎತ್ತಿಬಿಡಲೇ... ಅಟ್ಟದ ಮೇಲಣ ಕಾ —