ಜೊಂಡಿನ ಗದ್ದೆಗೆ ಹೆಬ್ಬೆಟ್ಟು ಒತ್ತುವುದಿಲ್ಲ

ಕರಮೂಸ್, ಶರ್ಕಿಯಾ
ಜೂನ್ ೨೧, ಗುರುವಾರ

ಅಣ್ಣ ಮೆತ್ವಲ್ಲಿಗೆ,

‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ಒಪ್ಪಲಿಲ್ಲ. ಸಲಾಮ್ ಇದೆ, ತಗೋ. ಅದನ್ನು ಹಗೆಯವನಿಗೂ ಕೊಡುತ್ತಾರೆ. ಆರೋಗ್ಯ ಹೇಗಿದೆ? ನಿನಗೆ ಬೆನ್ನುನೋವೆಂದು ಅತ್ತಿಗೆ ಇನ್ಸಾಫ್ ಫೋನಿನಲ್ಲಿ ಅತ್ತಳು. ಅದನ್ನು ಕೇಳಿ ಅಮ್ಮನಿಗೆ ರೊಟ್ಟಿ ಇಳಿಯಲಿಲ್ಲ. ಗೀಜಾದ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂತವನಿಗೇ ಬೆನ್ನುನೋವು ಬಂದರೆ, ಕೆಸರು ನೀರಿನಲ್ಲಿ ಬಗ್ಗಿ ಪಪೈರಸ್ ಜೊಂಡು ಕೊಯ್ಯುವ ನಮಗೆ ಬೆನ್ನೇ ಉಳಿಯಬಾರದಿತ್ತು. ಅಮ್ಮ ಇದ್ದಾಳೆ. ಕಣ್ಣು ಮಂಜಾಗಿದೆ, ನಾಲಿಗೆ ಮೊದಲಿಗಿಂತ ಚೂಪು. ನಿನಗೆಂದು ಹಳೇ ಚೀಸಿನ ಗಡಿಗೆಯ ಬಾಯಿ ಕಟ್ಟಿಟ್ಟಿದ್ದಾಳೆ. ನಾನಾಗಿದ್ದರೆ ನಾಯಿಗೆ ಹಾಕುತ್ತಿದ್ದೆ.

ನೀನು ಕಳಿಸಿದ ಒಪ್ಪಿಗೆಪತ್ರವನ್ನು ಕಂಟ್ರಾಕ್ಟರ್ ಹಾಜಿ ಶಹಾತಾ ತಂದ. ಅಪ್ಪನ ಜೊಂಡಿನ ಗದ್ದೆಯನ್ನು ಕೊಂಡು, ಕಲ್ಲುಮಣ್ಣು ತುಂಬಿಸಿ, ಮೇಲೆ ಬಾಡಿಗೆ ಮನೆಗಳನ್ನು ಎಬ್ಬಿಸುತ್ತಾನಂತೆ. ಅದಕ್ಕೆ ನನ್ನ ಪಾಲಿನ ಒಪ್ಪಿಗೆ ಬೇಕಂತೆ. ಪತ್ರದ ಜತೆ ಶಾಯಿಯ ಡಬ್ಬಿ ಬೇರೆ ಕಳಿಸಿದ್ದೀಯ. ನನ್ನ ಹೆಬ್ಬೆಟ್ಟಿಗೆ! ಹಾಜಿ ಹಲ್ಲು ಕಿಸಿದು, “ತಂಗ್ಯಮ್ಮ, ನಿಮ್ಮಣ್ಣಂದು ಸಹಿ ಆಯ್ತು. ನಿಂದೇನು, ಬೆರಳು ಒತ್ತೋ ಕೆಲಸ. ಹೆಣ್ಣಿನ ಪಾಲು ಅಂದ್ರೆ ಕೋಳಿ ಮಲಗೋಷ್ಟು ಜಾಗ,” ಅಂದ. “ಆ ಕೋಳಿ ಕುಕ್ಕುತ್ತೆ ಹಾಜಿ, ಕಣ್ಣು ಹುಷಾರು,” ಅಂದೆ. ಒಳಗಿಂದ ಅಮ್ಮ, “ಅವನಿಗೆ ಟೀ ಕೊಡಬೇಡ ಕಣೇ, ಸಕ್ಕರೆ ದಂಡ!” ಎಂದು ಕೂಗಿದಳು. ಟೀ ಕೊಡದೆ ಕಳಿಸಿದ ಮನೆ ಈ ಊರಲ್ಲಿ ಇನ್ನೊಂದಿಲ್ಲ. ಆ ಮಟ್ಟಕ್ಕೆ ನಮ್ಮನ್ನು ಇಳಿಸಿದವನು ನೀನು.

ಮರೆತುಬಿಟ್ಟೆಯಾ? ಜೊಂಡಿನ ಸೀಳುಗಳನ್ನು ಹಾಸಿ ಒತ್ತುವಾಗ ಹರಿದ ಹಾಳೆಗಳನ್ನು ಅಪ್ಪ ನಮ್ಮಿಬ್ಬರಿಗೂ ಹಂಚಿ, ಕಡ್ಡಿ ಕೆತ್ತಿಕೊಟ್ಟು, ಅಕ್ಷರ ತಿದ್ದಿಸುತ್ತಿದ್ದ. ನೀನು ಹೊಟ್ಟೆನೋವೆಂದು ಓಡುತ್ತಿದ್ದೆ. ನಿನ್ನ ಪಾಲಿನ ಹಾಳೆಯಲ್ಲೂ ನಾನೇ ತಿದ್ದಿದೆ. ಈಗ ನಿನ್ನ ಕಣ್ಣಿಗೆ ನಾನು ಹೆಬ್ಬೆಟ್ಟು! ಆಗಲಿ. ಆ ಡಬ್ಬಿಯ ಶಾಯಿಗೆ ನೀರು ಬೆರೆಸಿ ಈ ಪತ್ರ ಬರೆಯುತ್ತಿದ್ದೇನೆ. ಹಾಳೆ ನಮ್ಮ ಗದ್ದೆಯದು, ನಾನೇ ಸೀಳಿ, ನಾನೇ ಹಾಸಿ, ನಾನೇ ಒತ್ತಿದ್ದು.

“ಪಪೈರಸ್ ಈಗ ಯಾರಿಗೆ ಬೇಕು? ಬಾಳೆದಿಂಡಿನ ಹಾಳೆ ಅಗ್ಗ. ಪ್ರವಾಸಿಗೆ ವ್ಯತ್ಯಾಸ ಗೊತ್ತಾಗಲ್ಲ” ಎಂದು ಜತೆಯ ಚೀಟಿಯಲ್ಲಿ ಬರೆದಿದ್ದೀಯ. ಅಂಗಡಿ ಬಾಗಿಲಿಗೆ ಮಾತ್ರ ಅಪ್ಪನ ಫೋಟೊ. ಗಿರಾಕಿಯ ಮುಂದೆ ನಮ್ಮ ಹಾಳೆಯನ್ನು ನೀರಿಗೆ ಅದ್ದಿ, ಮುದ್ದೆ ಮಾಡಿ, ಮತ್ತೆ ಬಿಡಿಸಿ, “ನೋಡಿ, ಅಸಲಿ ಸಾಯಲ್ಲ” ಅಂತೀಯ. ಕಟ್ಟಿಕೊಡುವುದು ಬಾಳೆಯದು. ನಿನ್ನ ಒಪ್ಪಿಗೆಪತ್ರವನ್ನೂ ನಾನು ಅದೇ ಪರೀಕ್ಷೆಗೆ ಹಾಕಿದೆ. ಬಾನಿಯಲ್ಲಿ ಅದ್ದಿದ್ದೇ ತಡ, ಕಲಸಿದ ಹಿಟ್ಟಾಯಿತು. ಕೋಳಿಗೆ ಸುರಿದೆ. ಅದೂ ಮೂಸಲಿಲ್ಲ.

ನಿನಗೆ ಅದು ಬರೀ ನೆಲ. ಈ ಓಣಿಯ ಹೆಂಗಸರಿಗೆ ಒಲೆ. ಬಿಗಿಹಿಡಿದ ನೂಲಿನಿಂದ ದಂಟು ಸೀಳಿ ಸೀಳಿ ಬೆರಳಲ್ಲಿ ಗೀರು ಬಿದ್ದಿದೆ, ಸೀಳು ನೆನೆಸುವ ಕಾಸ್ಟಿಕ್ ಸೋಡಾ ನೀರಿಗೆ ಅಂಗೈ ಸಿಪ್ಪೆ ಸುಲಿದಿದೆ. ನಿನ್ನ ಮಗನ ಶಾಲೆಯ ಬೂಟು ಈ ಅಂಗೈಯಿಂದ ಬಂದದ್ದು. ಈ ಕೈಗಳನ್ನು ಕೇಳದೆ ಮಾರುವ ಹಕ್ಕನ್ನು ನಿನಗೆ ಯಾವ ದೇವರು ಕೊಟ್ಟ?

ಅಪ್ಪ ಒಮ್ಮೆ ನಮ್ಮನ್ನು ಕೈರೋದ ಮ್ಯೂಸಿಯಮ್ಮಿಗೆ ಕರೆದೊಯ್ದದ್ದು ನೆನಪಿದೆಯೇ? ನೀನು ಚಿನ್ನದ ಹತ್ತಿರ ನಿಂತೆ. ನಾನು ಒಂದು ಹರಕು ಪಪೈರಸ್ಸಿನ ಮುಂದೆ. ಗಾಜಿನ ಕೆಳಗೆ ಅದರ ಅರ್ಥ ಬರೆದಿದ್ದರು: ತವರಿನ ಹೊಲದ ಪಾಲನ್ನು ಅಣ್ಣ ನುಂಗಿದನೆಂದು ಒಬ್ಬ ಹೆಂಗಸು ಅಧಿಕಾರಿಗೆ ಕೊಟ್ಟ ದೂರು. ರಾಜರು ಹೋದರು, ಅಧಿಕಾರಿ ಹೋದ, ಹೊಲ ಎಲ್ಲಿತ್ತೋ ಯಾರಿಗೂ ತಿಳಿಯದು. ದೂರು ಇದೆ. ಆ ಅಣ್ಣನ ಹೆಸರೂ ಇದೆ, ಸಾವಿರಾರು ವರ್ಷ ಕಳೆದರೂ ಹೋಗುವವರು ಬರುವವರೆಲ್ಲ ಓದಿ ಉಗಿಯುವ ಹಾಗೆ. ಅದಕ್ಕೇ ಈ ಪತ್ರವನ್ನು ಅಂಗಡಿ ಕಾಗದದ ಮೇಲೆ ಬರೆಯಲಿಲ್ಲ. ಹರಿದರೆ ಹರಿ. ಇನ್ನೊಂದನ್ನು ಇದೇ ಅಕ್ಷರದಲ್ಲಿ ಬರೆದು ಅಮ್ಮನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ನಿನ್ನ ಹೆಸರನ್ನು ದಪ್ಪಗೆ ತಿದ್ದಿದ್ದೇನೆ.

ಇನ್ನು ಗದ್ದೆಯ ಸುದ್ದಿ. ಈ ವಾರ ಕಾಲುವೆಯ ತೂಬು ಮುಚ್ಚಿ ನೀರು ನಿಲ್ಲಿಸಿ, ಓಣಿಯವರೆಲ್ಲ ಸೇರಿ ಜೊಂಡನ್ನು ಬುಡಮಟ್ಟ ಕೊಯ್ದೆವು. ಮೇಲ್ಮೈ ಒಣಗಿ ಚೊಕ್ಕ ಬಯಲಾಯಿತು. ನಿನ್ನೆ ದಂಡೆ ಮೇಲೆ ನಿಂತಿದ್ದ ಹಾಜಿ, “ಕೊನೆಗೂ ಬುದ್ಧಿ ಬಂತಲ್ಲ ತಂಗ್ಯಮ್ಮ! ಒಪ್ಪಿಗೆ ಯಾವಾಗಾದ್ರೂ ಬರಲಿ, ನಾಳೆನೇ ಮಣ್ಣು ಹೊಡಿಸ್ತೀನಿ,” ಅಂದ. “ಹಾಜಿ, ಹೆಬ್ಬೆಟ್ಟು ಒತ್ತಿಲ್ಲ, ನೆನಪಿರ್ಲಿ,” ಅಂದೆ. “ಹೆಣ್ಣಿಗೆ ಹೆದರಿ ಲಾರಿ ನಿಲ್ಸಕ್ಕಾಗುತ್ತಾ?” ಎಂದು ನಕ್ಕ. ನಾನು ದಂಟಿನ ಹೊರೆ ಹೊತ್ತು ಮನೆಗೆ ಬಂದೆ.

ಅಮ್ಮನ ಹಾರೈಕೆ ನಿನಗೆ. ನನ್ನದು ನಿನ್ನ ಮಕ್ಕಳಿಗೆ ಮಾತ್ರ. ಅತ್ತಿಗೆಗೆ ಸಲಾಮ್ ಹೇಳು, ಅವಳ ತಪ್ಪೇನಿಲ್ಲ.

ಬರೆಯಲು ಬರುವ ನಿನ್ನ ತಂಗಿ,
ಬದ್ರಿಯಾ

ಇನ್ನೊಂದು ಮಾತು: ಹಾಳೆ ಸುತ್ತುವಷ್ಟರಲ್ಲಿ ಓಣಿಯಲ್ಲಿ ಕೇಕೆ ಎದ್ದಿತು. ಹಾಜಿಯ ಲಾರಿ ತುಂಬು ಮಣ್ಣಿನೊಂದಿಗೆ ಗದ್ದೆಗೆ ಇಳಿದಿದೆ, ಅಂದರೆ ನಿಜವಾಗಿಯೇ ಇಳಿದಿದೆ, ಕೆಸರಿನೊಳಕ್ಕೆ, ಬಾಗಿಲಿನವರೆಗೆ. ಮೇಲೆ ಕಾಣುವುದು ನೆಲವಲ್ಲ, ಬೇರಿನ ಚಾಪೆ. ಆಡು ಹೊರುತ್ತದೆ, ಲಾರಿ ಹೊರುವುದಿಲ್ಲ. ಅಪ್ಪನ ಮಗ ನೀನು, ಹಾಜಿಗೆ ಇದನ್ನು ಹೇಳಬೇಡವೇ? ಡ್ರೈವರಿಗೆ ಏನೂ ಆಗಿಲ್ಲ, ಪಾಪ, ಕೂಲಿಯವನು. ಅಮ್ಮ ಅವನಿಗೆ ಟೀ ಕೊಟ್ಟಳು, ನಿನ್ನ ಚೀಸಿನ ಗಡಿಗೆಯನ್ನೂ ಬಿಚ್ಚಿದಳು. ಇವತ್ತು ಕಾಲುವೆ ನೀರಿನ ಸರದಿ ನಮ್ಮದು, ತೂಬು ತೆಗೆದಿದ್ದೇನೆ. ಹಾಜಿ ದಂಡೆಯಲ್ಲಿ ನಿಂತು ನಿನ್ನ ಹೆಸರು ಹಿಡಿದು ಕಿರುಚುತ್ತಿದ್ದಾನೆ. ಬಂದು ಎತ್ತಿಸು. ಬೇಗ ಬಾ, ಬೇರು ಹಾಗೇ ಇದೆ. ನೀನು ತಡ ಮಾಡಿದರೆ ಜೊಂಡಿನ ನಡುವೆ ಲಾರಿ ಕಾಣಿಸುವುದಿಲ್ಲ.