ಆರದ ಸುಡುಮಣ್ಣು

ಬೈನೆಗುಡ್ಡ, ಕಳಸ
೨೪ ಮೇ ೨೦೨೫

ಮಗಳೇ ಧನ್ಯಾ,

ನೀನೂ ಪುಟ್ಟಿ ರಕ್ಷಾಳೂ ಆಲ್ದೂರಿನಲ್ಲಿ ಚೆನ್ನಾಗಿದ್ದೀರಿ ಎಂದುಕೊಂಡು ಅಮ್ಮ ಬರೆಯುತ್ತಿದ್ದೇನೆ. ಮೊನ್ನೆ ತಾನೇ ಫೋನ್ ಮಾಡಿದವಳು ಈಗ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ, ನಾನು ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಹದಿನಾಲ್ಕು ತಿಂಗಳಿಂದ ಹಾಗೇ ಆಗಿದೆ.

ನರ್ಸರಿಯಲ್ಲಿ ಈ ಸಲ ಕೈಗೆ ಬಿಡುವಿಲ್ಲ. ನೀನು ಚಿಕ್ಕವಳಿದ್ದಾಗ ಗುಡ್ಡದ ದೊಡ್ಡ ಮರಗಳನ್ನೆಲ್ಲ ಕಡಿದು ಲಾರಿಗೆ ಹೇರಿದ್ದು ನೆನಪಿರಬೇಕು. ಉಳಿದದ್ದನ್ನು ಹೋದ ವರ್ಷದ ಬೆಂಕಿ ತಿಂದಿತು. ಈಗ ಇಡೀ ಗುಡ್ಡಕ್ಕೆ ನಲವತ್ತು ಸಾವಿರ ಗಿಡ ನೆಡಿಸುತ್ತಾರಂತೆ. ನೇರಳೆ, ಹೆಬ್ಬಲಸು, ಹೊನ್ನೆ, ರಾಮಪತ್ರೆ, ಎಲ್ಲ ಊರ ಕಾಡಿನವೇ. ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬಿ ತುಂಬಿ ನನ್ನ ಉಗುರು ಸವೆದಿದೆ. ಪಕ್ಕದಲ್ಲಿ ಕೂರುವ ಹುಚ್ಚಮ್ಮ, "ಇಷ್ಟು ಮಕ್ಕಳನ್ನ ಹೆತ್ತಿದ್ರೂ ಸೊಂಟ ಹೀಗೆ ನೋಯ್ತಿರ್ಲಿಲ್ಲ ಮಾರಾಯ್ತಿ" ಎನ್ನುತ್ತಾಳೆ.

ಜೂನ್ ಐದಕ್ಕೆ ಮೊದಲ ಗಿಡ ನಾನೇ ನೆಡಬೇಕಂತೆ. ಗುಡ್ಡದ ಬುಡದಲ್ಲಿ ನಿನ್ನ ಅಪ್ಪನ ಹೆಸರಿನ ಬೋರ್ಡು ನಿಂತಿದೆ: ಕಾಡಿಗಾಗಿ ಪ್ರಾಣ ಕೊಟ್ಟ ಬೆಂಕಿ ವಾಚರ್ ಗುರುವಯ್ಯ. ಹೆಣದ ಕೈಯಲ್ಲಿ ಸಿಕ್ಕ ಗುದ್ದಲಿಯನ್ನು ಅರಣ್ಯ ಇಲಾಖೆಯವರು ಜೋಪಾನವಾಗಿ ಇಟ್ಟಿದ್ದರು. ಸುಟ್ಟ ಹಿಡಿಕೆ ತೆಗೆದು ಹೊಸ ಕಾವು ಹಾಕಿಸಿದ್ದಾರೆ. ಅದರಲ್ಲೇ ನೆಡಬೇಕಂತೆ.

ಆ ಗುಡ್ಡದಲ್ಲಿ ಗುಂಡಿ ತೆಗೆಯುವವರಲ್ಲಿ ನಿನ್ನ ಗಂಡ ಉಮೇಶನೂ ಇದ್ದಾನೆ. ಅವನು ನೀರಿಗೆ ಬಂದರೆ ಹೆಂಗಸರು, "ಬೆಂಕಿಪೊಟ್ಟಣ ಬಂತು, ಸೆರಗು ಹುಷಾರು ಕಣ್ರೇ" ಎನ್ನುತ್ತಾರೆ. ಅವನು ಕುಡಿದು, ಚೊಂಬು ಬೋರಲು ಹಾಕಿ ಹೋಗುತ್ತಾನೆ. ಅವನ ಬೀಡಿಯಿಂದಲೇ ಕಾಡು ಹತ್ತಿತು ಎಂದು ಇಲಾಖೆಯವರು ಎರಡು ದಿನ ಕೂರಿಸಿ ಕೇಳಿ, ಸಾಕ್ಷಿ ಇಲ್ಲದೆ ಬಿಟ್ಟರು. ಊರವರು ಬಿಡಲಿಲ್ಲ, ನೀನೂ ಬಿಡಲಿಲ್ಲ. ಅಪ್ಪನನ್ನು ಸುಟ್ಟವನ ಜೊತೆ ಹೇಗೆ ಕೂತು ಉಣ್ಣಲಿ ಅಮ್ಮ ಎಂದು, ಅವನು ವಾಪಸ್ ಬರುವ ಮೊದಲೇ ರಕ್ಷಾಳನ್ನು ಎತ್ತಿಕೊಂಡು ಬಸ್ಸು ಹತ್ತಿದೆ. ನಿನ್ನ ಬ್ಯಾಗನ್ನು ಬಸ್ಸಿನೊಳಗೆ ಇಟ್ಟವಳು ನಾನು.

ಜೂನ್ ಎರಡಕ್ಕೆ ವಿಚ್ಛೇದನದ ಕಾಗದಕ್ಕೆ ಸಹಿ ಹಾಕುತ್ತೇನೆ ಎಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉಮೇಶ ಬೆಂಕಿ ಹಚ್ಚಲಿಲ್ಲ. ಅದು ಹೊರಟದ್ದು ನನ್ನ ಸುಡುಮಣ್ಣಿನ ಗುಪ್ಪೆಯಿಂದ.

ನಿನಗೆ ಗೊತ್ತಿರುವುದೇ. ತರಗೆಲೆ, ಪುಳ್ಳೆ ಪೇರಿಸಿ, ಮೇಲೆ ಮಣ್ಣು ಹೊದಿಸಿ, ಒಳಗೊಳಗೇ ದಿನಗಟ್ಟಲೆ ಬೇಯಿಸುವುದು. ಆ ಮಣ್ಣು ಹಾಕಿದರೆ ಗಿಡ ಬೇಗ ಬೇರು ಬಿಡುತ್ತದೆ ಎಂದು ನನ್ನ ಅಮ್ಮ ಕಲಿಸಿದ್ದಳು. ಬೇಸಿಗೆಯಲ್ಲಿ ಕಿಡಿಯೂ ಕೂಡದು ಎಂದು ಇಲಾಖೆ ಹೇಳಿದ್ದರೂ ನರ್ಸರಿಯ ಹಿಂದೆ, ಗುಡ್ಡದ ಅಂಚಿಗೆ ಕದ್ದು ಒಂದು ಗುಪ್ಪೆ ಮಾಡಿದ್ದೆ. ಸಸಿಗಳು ಸೊರಗುತ್ತಿದ್ದವು, ನನಗೆ ಮನಸ್ಸು ತಡೆಯಲಿಲ್ಲ. ಗುಪ್ಪೆ ಹೊರಗೆ ತಣ್ಣಗಿತ್ತು, ಒಳಗೆ ಆರಿರಲಿಲ್ಲ. ಮಧ್ಯಾಹ್ನದ ಗಾಳಿಗೆ ತಾನಾಗಿ ಬಾಯಿ ಬಿಟ್ಟಿತು. ಕಿಡಿ ಒಣಹುಲ್ಲಿಗೆ ಬಿತ್ತು.

ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯಲು ಬಂದ ಉಮೇಶ ಆ ಗುಪ್ಪೆ ನೋಡಿದ. ನನ್ನನ್ನೂ ನೋಡಿದ. ಇಲಾಖೆಯವರು ಬಿಟ್ಟು ಕಳಿಸಿದ ದಿನ ಮನೆಗೆ ಬಂದ. ನೀನು ಆಗಲೇ ಹೋಗಿಯಾಗಿತ್ತು. ನಿಜ ಹೇಳಿಬಿಡುತ್ತೇನೆ ಕಣಪ್ಪಾ ಎಂದೆ. ಜಗಲಿಯಲ್ಲೇ ಕೂತು ಅವನು, "ಅಪ್ಪ ಹೋದ ಹುಡುಗಿಗೆ ಅಮ್ಮನೂ ಇಲ್ಲದ ಹಾಗೆ ಮಾಡೋದು ಬೇಡ ಅತ್ತೆ. ಸಿಟ್ಟು ಇಳಿದ ಮೇಲೆ ಅವಳೇ ಬರ್ತಾಳೆ" ಎಂದ.

ನೀನು ಬರಲಿಲ್ಲ. ನಾನು ಅವನ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ತೊಟ್ಟೆ ತುಂಬುತ್ತಾ ಕೂತೆ. ಅವನನ್ನು ಬೆಂಕಿಪೊಟ್ಟಣ ಎಂದಾಗ ಎಲ್ಲರ ಜೊತೆ ಒಮ್ಮೆ ನಕ್ಕೂಬಿಟ್ಟೆ.

ಈ ಐದನೇ ತಾರೀಖು ಎಲ್ಲರ ಎದುರು ಹೇಳುತ್ತೇನೆ. ಆಮೇಲೆ ಏನಾಗುತ್ತದೋ ಆಗಲಿ. ಸಹಿ ಹಾಕುವುದು, ಬಿಡುವುದು ನಿನಗೆ ಸೇರಿದ್ದು. ಗೊತ್ತಿಲ್ಲದೆ ಹಾಕಬೇಡ. ರಕ್ಷಾಳ ಕೆಮ್ಮಿಗೆ ದೊಡ್ಡಪತ್ರೆ ರಸ ಹಾಕು.

ನಿನ್ನ ಮುಖ ನೋಡಲು ಹೆದರುವ ಅಮ್ಮ,
ರಾಮಮ್ಮ

ಮಡಚಿದ ಕಾಗದ ಮತ್ತೆ ಬಿಚ್ಚಿದ್ದೇನೆ. ಗುಪ್ಪೆ ತಾನಾಗಿ ಬಾಯಿ ಬಿಡಲಿಲ್ಲ, ಧನ್ಯಾ. ಅವತ್ತು ಬೆಳಿಗ್ಗೆ ನಿನ್ನ ಅಪ್ಪ ಅದಕ್ಕೆ ಕೋಲು ಚುಚ್ಚಿ ನೋಡಿ, ಇನ್ನೂ ನಾಲ್ಕು ದಿನ ಮುಟ್ಟಬೇಡ ಎಂದಿದ್ದರು. ಕಾಡು ಕಾಯುವವರಿಗೆ ಮಣ್ಣಿನ ವಿಷಯ ಏನು ಗೊತ್ತು ಎಂದು ನಗಾಡಿ, ಮಧ್ಯಾಹ್ನ ನಾನೇ ಅಗೆದೆ. ಬೆಂಕಿ ಗುಡ್ಡ ಹತ್ತಿದಾಗ ನಿನ್ನ ಅಪ್ಪ ಕೆಳಗೆ, ನನ್ನ ಪಕ್ಕದಲ್ಲೇ ಇದ್ದರು. ನನ್ನ ಗುದ್ದಲಿ ಗುಪ್ಪೆಯ ಹತ್ತಿರವೇ ಬಿಟ್ಟು ಬಂದೆ, ಯಾರಾದರೂ ನೋಡಿದರೆ ಗತಿಯೇನು ಎಂದು ನಾನು ಅತ್ತೆ. ಅವರು ಅದನ್ನು ತರಲು ಹೋದರು. ಅಷ್ಟರಲ್ಲಿ ಗಾಳಿ ತಿರುಗಿತು. ಮೊದಲ ಗಿಡ ನೆಡಲು ಕೊಡುತ್ತಾರೆ ಎಂದೆನಲ್ಲ, ಆ ಗುದ್ದಲಿ ನನ್ನದು.