ಕೊಕ್ಕಿನ ಮೇಲೆ ಕಾಲಿಂಚು ಆಕಾಶ

ಹಳೇಬೀಡು
ಗುರುವಾರ, ೨೦ ಫೆಬ್ರವರಿ ೨೦೨೫

ಪ್ರೀತಿಯ ವೆಂಕಟೂ,

ಜೈ ಜಿನೇಂದ್ರ. ನೀನೂ ನಿನ್ನ ಮನೆಯವರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಶಿವಮೊಗ್ಗದಿಂದ ನೀನು ಕಳಿಸಿದ ಪಾರ್ಸೆಲ್ ಸಂಕ್ರಾಂತಿ ಕಳೆದ ವಾರವೇ ಕೈ ಸೇರಿತು. ಸೇರಿತು ಅಂತ ಒಂದು ಸಾಲು ಬರೆಯುವುದಕ್ಕೆ ಇಷ್ಟು ದಿನ ಬೇಕಾಯಿತು, ಬೈಯಬೇಡ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನಮ್ಮ ಮನೆಯಲ್ಲಿ ಫೋನಿನಲ್ಲಿ ಯಾರು ಏನು ಕೇಳಿದರೂ ಅತ್ತೆ ಪಕ್ಕದ ಕೋಣೆಯಿಂದ ಉತ್ತರ ಕೊಡುತ್ತಾರೆ. ಅದಕ್ಕೇ ಕಾಗದ. ಇದನ್ನೂ ನೆಟ್ಟಗೆ ಕೂತು ಬರೆಯುತ್ತಿಲ್ಲ. ಎರಡು ಸಾಲು ಬರೆದು ಏಳುತ್ತೇನೆ, ಒಲೆ ಮೇಲಿನ ಹಾಲು ನೋಡುತ್ತೇನೆ, ಬಾಗಿಲಿಗೆ ಹೋಗಿ ಬೀದಿ ನೋಡುತ್ತೇನೆ, ಮತ್ತೆ ಬಂದು ಕೂರುತ್ತೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಶ್ರಾವ್ಯಳ ವಿಷಯ ನಿನಗೆ ಗೊತ್ತೇ ಇದೆ. ಆದರೂ ಇನ್ನೊಂದು ಸಲ ಬರೆಯುತ್ತೇನೆ, ಬರೆದರೆ ನನಗೇ ನಂಬಿಕೆ ಬಂದೀತು. ನನ್ನ ಮಗಳು ದೀಕ್ಷೆ ತೆಗೆದುಕೊಳ್ಳುತ್ತಾಳಂತೆ. ಹೋದ ಮಳೆಗಾಲದಲ್ಲಿ ಮಾತಾಜಿಯವರು ಈ ಕಡೆ ಚಾತುರ್ಮಾಸಕ್ಕೆ ನಿಂತಿದ್ದರಲ್ಲ, ಆಗ ಇವಳು ಬೇಲೂರಿನ ಶಾಲೆಯಲ್ಲಿ ಪಾಠ ಮುಗಿಸಿಕೊಂಡು ಬಸ್ಸಿಳಿದವಳು ಮನೆಗೆ ಬರದೆ ನೇರ ಬಸದಿಗೆ ಹೋಗುತ್ತಿದ್ದಳು. ಪ್ರವಚನ ಕೇಳಲಿ, ಒಳ್ಳೆಯದೇ ಅಂದುಕೊಂಡೆ. ದೀಪಾವಳಿ ಹೊತ್ತಿಗೆ ಕೆಲಸ ಬಿಟ್ಟಳು. ಆಮೇಲೆ ಒಂದು ಸಂಜೆ, ಊಟಕ್ಕೆ ಕೂತಾಗ, ಉಪ್ಪಿನಕಾಯಿ ಬೇಡ ಅನ್ನುವಷ್ಟೇ ಮೆತ್ತಗೆ ಹೇಳಿದಳು. ಇವರು ತಕ್ಷಣ ಒಪ್ಪಿದರು. "ಪುಣ್ಯ ಮಾಡಿದ್ರೆ ಹುಟ್ಟೋ ಮಗಳು ಕಣೇ" ಅಂದರು. ಅಂದ ದಿನದಿಂದ ಅವರ ಕಾಲು ಮನೆಯಲ್ಲಿ ನಿಲ್ಲುತ್ತಿಲ್ಲ. ಕೊಬ್ಬರಿ ಮಾರ್ಕೆಟ್ಟು ಅಂತ ಬೆಳಗ್ಗೆಯೇ ಅರಸೀಕೆರೆಗೆ ಹೋಗುತ್ತಾರೆ. ಮಾರುವುದಕ್ಕೆ ಕೊಬ್ಬರಿ ಇಲ್ಲದ ದಿನವೂ ಹೋಗುತ್ತಾರೆ.

ಇನ್ನು ನಾನು. ತಾಯಿ ತಂದೆ ಇಬ್ಬರೂ ಮಾತಾಜಿಯವರ ಸಂಘದ ಎದುರಿಗೆ ನಿಂತು ಒಪ್ಪಿಗೆ ಹೇಳಬೇಕು. ಹೇಳದಿದ್ದರೆ ಮಾತಾಜಿ ಮುಂದುವರಿಸುವುದಿಲ್ಲ. ಆಮೇಲೆ ಕೂದಲನ್ನು ಕೈಯಿಂದಲೇ ಕೀಳುತ್ತಾರೆ, ಗೊತ್ತಲ್ಲ. ಒಂದು ಬಿಳಿ ಸೀರೆ, ದಿನಕ್ಕೆ ಒಂದೇ ಹೊತ್ತು ಆಹಾರ, ಚಾಪೆಯ ಮೇಲೆ ನಿದ್ದೆ, ಹೊದಿಕೆ ಇಲ್ಲ. ಆಮೇಲೆ ಹೆತ್ತ ನಾನೇ ಅವಳ ಕಾಲಿಗೆ ಅಡ್ಡ ಬೀಳಬೇಕು, ಮಾತಾಜಿ ಅಂತ ಕರೆಯಬೇಕು. ಇದೆಲ್ಲ ಶ್ರೇಷ್ಠ ಅಂತ ಬೇರೆಯವರ ಮಕ್ಕಳ ಮೆರವಣಿಗೆಯಲ್ಲಿ ನಾನೇ ಕಣ್ಣೀರಿಟ್ಟು ಹೇಳಿದ್ದೇನೆ. ನನ್ನ ಬಾಯಿಂದ ಈಗ ಹೂಂ ಹೊರಡುತ್ತಿಲ್ಲ.

ಅದಕ್ಕೆ ಅವಳಿಗೆ ಹೇಳಿದೆ: "ನಿನಗೊಂದು ಕೌದಿ ಹೊಲಿಯುತ್ತೇನೆ. ಹೋಗುವ ಮುಂಚೆ ಒಂದು ರಾತ್ರಿ ಅದನ್ನು ಹೊದ್ದು ಮಲಗು. ಅದು ಮುಗಿಯುವವರೆಗೆ ನನ್ನನ್ನು ಏನೂ ಕೇಳಬೇಡ." ಅವಳು "ಆಯ್ತಮ್ಮ, ನಿಧಾನಕ್ಕೆ ಹೊಲಿ, ನಂಗೇನೂ ಅವಸರ ಇಲ್ಲ" ಅಂದಳು. ಯಾವ ಚಿತ್ತಾರ ಬೇಕು ಅಂತ ನೀನು ಕೌದಿ ಹೊಲಿಗೆ ಕಲಿಸುವ ವಿಡಿಯೋಗಳನ್ನು ತೋರಿಸಿದೆ. ಸಾಲಾಗಿ ಹಾರುವ ಹೆಬ್ಬಾತುಗಳದ್ದನ್ನು ಮುಟ್ಟಿ, "ಇದು. ನಮ್ಮ ಗುಡಿ ಗೋಡೆಯ ಹಂಸದ ಸಾಲಿನ ಥರ ಇದೆ" ಅಂದಳು. ಚಿಕ್ಕವಳಿದ್ದಾಗ ಅಲ್ಲಿಗೆ ಹೋದರೆ ಆ ಸಾಲಿನ ಮೇಲೆ ಬೆರಳಾಡಿಸಿಕೊಂಡು ಇಡೀ ಗುಡಿ ಸುತ್ತುತ್ತಿದ್ದಳು.

ಹಕ್ಕಿಗಳಿಗೆ ಅವಳದೇ ಹಳೆಯ ಬಟ್ಟೆ ತೆಗೆದೆ. ಸ್ಕೂಲಿನ ನೀಲಿ ಲಂಗ, ಹಳದಿ ಫ್ರಾಕು, ಮೊದಲ ಸಂಬಳದಲ್ಲಿ ಕೊಂಡ ಹಸಿರು ಕಾಟನ್ ಸೀರೆ. ಸುತ್ತಲ ಆಕಾಶಕ್ಕೆ ಇವರ ಹಳೆಯ ಪಂಚೆ. ನೀನು ಹೇಳಿದಂತೆ ಮೊದಲು ಎಲ್ಲಕ್ಕೂ ಗಂಜಿ ಹಾಕಿ ಒಣಗಿಸಿದೆ. ಓರೆಯಾಗಿ ಕತ್ತರಿಸಿದ ಬಟ್ಟೆ ಜಗ್ಗಬಾರದು ಅಂದಿದ್ದೆಯಲ್ಲ, ಆ ಮಾತು ನಿಜ. ಗಂಜಿ ಹಾಕದ ಒಂದು ತುಂಡು ನನ್ನ ಕೈಯಲ್ಲೇ ಹಪ್ಪಳದ ಹಿಟ್ಟಿನಂತೆ ಉದ್ದವಾಯಿತು. ಆಮೇಲೆ ನಿನ್ನ ಲೆಕ್ಕ: ಹಕ್ಕಿಯ ದೊಡ್ಡ ಚೌಕದ ಎದುರುಬದುರು ಮೂಲೆಗಳಲ್ಲಿ ಆಕಾಶದ ಎರಡು ಚಿಕ್ಕ ಚೌಕ, ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ, ಗೆರೆಯ ಆ ಕಡೆ ಈ ಕಡೆ ಕಾಲಿಂಚು ಬಿಟ್ಟು ಹೊಲಿಗೆ, ಗೆರೆ ಹಿಡಿದು ಕತ್ತರಿ. ಒಂದೊಂದು ಅರ್ಧಕ್ಕೂ ಇನ್ನೊಂದು ಚಿಕ್ಕ ಚೌಕ, ಮತ್ತೆ ಹಾಗೇ. ಒಂದು ಚೌಕದಿಂದ ನಾಲ್ಕು ತ್ರಿಕೋನದ ಹಕ್ಕಿ, ಮೇಲಿನ ಚೂಪು ತುದಿಯೇ ಕೊಕ್ಕು, ಚೂರು ಬಟ್ಟೆಯೂ ದಂಡವಾಗುವುದಿಲ್ಲ. ಗೆರೆಗಳನ್ನೆಲ್ಲ ಶ್ರಾವ್ಯಳೇ ಎಳೆದುಕೊಟ್ಟಳು. ಗಣಿತದ ಮೇಡಂ ಅಲ್ಲವೇ, ಕೂದಲೆಳೆ ಆಚೀಚೆ ಹೋಗುವುದಿಲ್ಲ.

ಕೆಲಸ ಇಲ್ಲಿಗೆ ಮುಟ್ಟಿದಾಗ ಅತ್ತೆ ಬಂದರು. ಎಲ್ಲ ಹಕ್ಕಿಗಳನ್ನೂ ಸ್ವಲ್ಪ ದೊಡ್ಡದಾಗಿಯೇ ಹೊಲಿದು, ಕೊನೆಗೆ ಅಳತೆಗೆ ಸರಿಯಾಗಿ ಅಂಚು ಕತ್ತರಿಸಬೇಕು ಅಂತ ನೀನು ಬರೆದಿದ್ದೆ. ನಾನು ಕತ್ತರಿ ಎತ್ತಿದ್ದೇ ತಡ, "ಏನದು?" ಅಂದರು. ಹಕ್ಕಿ ಅಂದೆ. "ಹಕ್ಕಿ ಅಂತ ಹೆಸರಿಟ್ಟ ಮೇಲೆ ಅದಕ್ಕೆ ಕತ್ತರಿ ಹಾಕಬಾರದು ಕಣೆ. ಮನಸ್ಸಿನಲ್ಲಿ ಕೊಂದರೂ ಕೊಂದ ಹಾಗೇ." ನಿನಗೆ ನೆನಪಿರಬೇಕು, ಅರಸೀಕೆರೆಯ ಹುಡುಗಿಯರ ಹಾಸ್ಟೆಲಿನಲ್ಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಕೊಟ್ಟರೆ ನಾನು ಗಿಳಿ, ಆನೆ ಮುಟ್ಟುತ್ತಿರಲಿಲ್ಲ, ಕಳಶದ್ದೇ ಬೇಕು ಅಂತ ಹಟ ಮಾಡುತ್ತಿದ್ದೆ. ನೀನು ನನ್ನೆದುರಿಗೇ ಗಿಳಿಯ ತಲೆ ಕಟುಂ ಅನ್ನಿಸಿ ನಗುತ್ತಿದ್ದೆ. ನಮ್ಮ ಮನೆಯಲ್ಲಿ ಬೆಳೆದವರಿಗೆ ಆ ಮಾತು ದಾಟುವುದು ಸುಲಭವಲ್ಲ. ಕತ್ತರಿ ಕೆಳಗಿಟ್ಟೆ. ಅಂಚು ಕತ್ತರಿಸದೆಯೇ ಒಂದಕ್ಕೊಂದು ಜೋಡಿಸಿದೆ.

ಹಾಲು ತರುವ ಹನುಮಕ್ಕ ಜಗಲಿಯ ಮೇಲೆ ಹರಡಿದ್ದ ಸಾಲುಗಳನ್ನು ನೋಡಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಲ್ಲ ಅಕ್ಕೋರೆ, ಇವುಕ್ಕೆ ಮೂತಿನೇ ಇಲ್ವಲ್ಲ. ಎಲ್ಲಾನೂ ಬೇಲಿಗೆ ತಲೆ ತೂರಿಸ್ಕಂಡು ನಿಂತವೆ." ನೋಡಿದರೆ ನಿಜ. ಒಂದರ ಅಂಚು ಹೆಚ್ಚು, ಒಂದರದ್ದು ಕಡಿಮೆ, ಜೋಡಿಸುವ ಹೊಲಿಗೆಯೊಳಗೆ ಕೊಕ್ಕುಗಳೆಲ್ಲ ಮುಳುಗಿಹೋಗಿದ್ದವು. ಕತ್ತರಿ ಹಾಕದೆ ಉಳಿಸಿದೆ ಅಂದುಕೊಂಡಿದ್ದೆ, ಒಂದಕ್ಕೂ ತುದಿ ಉಳಿದಿರಲಿಲ್ಲ. ಅತ್ತೆಯೂ ಬಂದು ನೋಡಿ ಒಳಗೆ ಹೋದರು. ನಾನು ಬಿಚ್ಚುತ್ತಾ ಕೂತೆ. ನಿಜ ಹೇಳಲಾ? ಬಿಚ್ಚುವ ಆ ದಿನಗಳಲ್ಲಿ ನನಗೆ ಎಷ್ಟೋ ಹಾಯಾಗಿತ್ತು. ಕೌದಿ ಮುಗಿಯುವ ಹಾಗಿರಲಿಲ್ಲ.

ಕೊಕ್ಕಿನ ಗೋಳನ್ನೂ ಅತ್ತೆಯ ಮಾತನ್ನೂ ನಿನಗೆ ಕಾರ್ಡಿನಲ್ಲಿ ಎರಡು ಸಾಲು ಬರೆದಿದ್ದೆನಲ್ಲ, ಆಗಲೇ ನಿನ್ನ ಪಾರ್ಸೆಲ್ ಬಂದದ್ದು. ಆ ಗಾಜಿನಂಥ ಸ್ಕೇಲು, ಅದರ ಓರೆ ಗೆರೆಗಳು, ಜೊತೆಗೆ ನಿನ್ನ ಚೀಟಿ: "ಸ್ಕೇಲಿನ ಓರೆ ಗೆರೆಗಳನ್ನು ಹಕ್ಕಿಯ ರೆಕ್ಕೆಯ ಹೊಲಿಗೆ ಮೇಲೆ ಕೂರಿಸು. ಕೊಕ್ಕಿನ ತುದಿಯಿಂದ ಮೇಲಕ್ಕೆ ಕಾಲಿಂಚು ಬಿಟ್ಟು ಮಿಕ್ಕದ್ದನ್ನು ಕತ್ತರಿಸು. ಆ ಕಾಲಿಂಚು ಇದ್ದರೆ ಕೊಕ್ಕು ಉಳಿಯುತ್ತೆ. ನಿಮ್ಮತ್ತೆಗೆ ಹೇಳು, ಅಲ್ಲಿ ಕತ್ತರಿ ಬೀಳೋದು ಆಕಾಶಕ್ಕೆ, ಹಕ್ಕಿಗಲ್ಲ." ಓದಿ ಹೇಳಿದೆ. ಅತ್ತೆ ಜಪಮಾಲೆಯ ಒಂದು ಸುತ್ತು ಮುಗಿಸಿದರು. "ಹಾಗಾದರೆ ಆಕಾಶ ಕತ್ತರಿಸು. ನನ್ನೆದುರಿಗೆ ಮಾತ್ರ ಬೇಡ" ಅಂದರು.

ನೀನು ಹೇಳಿದ್ದೆಲ್ಲ ಮಾಡಿದೆ. ಮೆಶೀನಿನ ಮೇಲೆ ಸೂಜಿಯಿಂದ ಕಾಲಿಂಚಿಗೆ ಕರೆಂಟಿನವರ ಕಪ್ಪು ಟೇಪನ್ನು ಪದರ ಪದರ ಅಂಟಿಸಿ ದಂಡೆ ಕಟ್ಟಿದೆ. ಬಟ್ಟೆ ಅದಕ್ಕೆ ಒರಗಿಕೊಂಡೇ ಹೋಗುತ್ತದೆ. ಇಸ್ತ್ರಿಯನ್ನು ಎಳೆಯುವುದು ಬಿಟ್ಟೆ. ಇಟ್ಟು, ಎತ್ತಿ, ಪಕ್ಕಕ್ಕೆ ಇಡುತ್ತೇನೆ. ಜೋಡಿಸುವಾಗ ಹಿಂಬದಿಯಲ್ಲಿ ಎರಡು ಹೊಲಿಗೆ ಕೂಡಿ ಇಂಟು ಗುರುತಾಗುವ ಕಡೆ, ಅದರ ನೆತ್ತಿಗೆ ಒಂದು ಎಳೆ ಮೇಲೆ ಸೂಜಿ ಓಡಿಸುತ್ತೇನೆ. ವೆಂಕಟೂ, ಈಗ ಒಂದು ಕೊಕ್ಕೂ ತಪ್ಪುತ್ತಿಲ್ಲ. ಹನುಮಕ್ಕ ಬಂದು, "ಈಗ ಕುಕ್ಕಂಗವೆ ನೋಡಿ" ಅಂದಳು. ಸಾಲಿನ ಮೇಲೆ ಸಾಲು ಎದ್ದು ಬರುತ್ತಿದೆ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದರೂ ಕಣ್ಣು ಮುಚ್ಚಿದರೆ ಹಾರುತ್ತಲೇ ಇರುತ್ತವೆ, ಎಲ್ಲವೂ ಒಂದೇ ದಿಕ್ಕಿಗೆ. ನನಗೆ ನಿನ್ನ ಮೇಲೆ ಸಿಟ್ಟು. ಇಷ್ಟು ಚೆನ್ನಾಗಿ ಹೇಳಿಕೊಡು ಅಂತ ನಿನಗೆ ಯಾರು ಹೇಳಿದ್ದರು? ಸ್ವಲ್ಪ ತಪ್ಪಾಗಿ ಹೇಳಿದ್ದರೆ ಇನ್ನೊಂದು ವರ್ಷ ಬಿಚ್ಚಿಕೊಂಡಿರುತ್ತಿದ್ದೆ.

ಈಗ ಒಂದೇ ಒಂದು ಸಾಲು ಉಳಿದಿದೆ, ಆಮೇಲೆ ಸುತ್ತಲ ಪಟ್ಟಿ. ಭಾನುವಾರ ಸಂಘ ಬಸದಿಗೆ ಬರುತ್ತದೆ, ಎಲ್ಲರೆದುರು ನನ್ನನ್ನು ಕೇಳುತ್ತಾರೆ. ಶ್ರಾವ್ಯ ಒಂದು ದಿನವೂ ಎಲ್ಲಿಗೆ ಬಂತಮ್ಮ ಅಂತ ಕೇಳಿಲ್ಲ. ನಾನೇ ಎದ್ದು ಎದ್ದು ಅವಳ ಮುಖ ನೋಡಿ ಬರುತ್ತೇನೆ. ಕೌದಿ ಮುಗಿಸಿ, ಶನಿವಾರ ರಾತ್ರಿ ಅವಳಿಗೆ ಹೊದಿಸಿ, ಅವಳು ನಿದ್ದೆ ಹೋಗುವವರೆಗೆ ಪಕ್ಕದಲ್ಲಿ ಕೂರಬೇಕು. ಹಾಗೆ ಒಂದು ರಾತ್ರಿ ಸಿಕ್ಕರೆ ಬೆಳಗ್ಗೆ ಬಾಯಿ ತೆರೆದೀತು ಅನ್ನಿಸುತ್ತದೆ, ಇಲ್ಲವೂ ಅನ್ನಿಸುತ್ತದೆ. ನೀನು ಶನಿವಾರವೇ ಬಂದುಬಿಡು. ಅರಸೀಕೆರೆಗೆ ರೈಲಿನಲ್ಲಿ ಬಂದರೆ ಅಲ್ಲಿಂದ ಜಾವಗಲ್ ಮೇಲೆ ಬಸ್ಸಿದೆ. ಭಾನುವಾರ ಬಸದಿಯಲ್ಲಿ ನನ್ನ ಪಕ್ಕ ನಿಂತುಕೋ, ಮಾತೇನೂ ಆಡಬೇಡ.

ನಿನ್ನ ಮಗಳು ಧನುಶ್ರೀಗೆ ನನ್ನ ತುಂಬು ಆಶೀರ್ವಾದ. ಎಲ್ಲೇ ಇರಲಿ, ಹೊತ್ತಿಗೆ ಸರಿಯಾಗಿ ಉಂಡು ಬೆಚ್ಚಗೆ ಮಲಗಲಿ. ಇದನ್ನು ಸ್ಪೀಡ್ ಪೋಸ್ಟಿಗೆ ಹಾಕಿಸುತ್ತೇನೆ.

ನಿನ್ನ
ಕಾಂಚನಮಾಲಾ

ಕೊನೆಗೊಂದು ಮಾತು: ಕಾಗದ ಅಂಟಿಸುವ ಮುಂಚೆ ಸುತ್ತಲ ಪಟ್ಟಿಗೆ ಎಷ್ಟು ಉದ್ದ ಬೇಕು ಅಂತ ಹಳೆಯ ಕೌದಿ ಹಿಡಿದು ಅಳೆಯಲು ಮಹಡಿಗೆ ಹೋದೆ. ಶ್ರಾವ್ಯ ಬಸದಿಗೆ ಹೋಗಿದ್ದಳು. ಅವಳ ಹಳೆಯ ಕೌದಿ ದಿನಾ ಬೆಳಗ್ಗೆ ಇರುವಂತೆ ಚಾಪೆಯ ತಲೆಗೆ ನೀಟಾಗಿ ಮಡಚಿಟ್ಟಿತ್ತು. ಬಿಡಿಸಿದೆ. ಒಳಗಿನಿಂದ ಬೇವಿನ ಎಲೆ ಉದುರಿದವು. ಮಳೆಗಾಲದಲ್ಲಿ ಹುಳ ಹಿಡಿಯಬಾರದು ಅಂತ ನಾನೇ ಮಡಿಕೆ ಮಡಿಕೆಗೂ ಹಾಸಿಟ್ಟದ್ದು. ಒಣಗಿದ್ದವು, ಆದರೆ ಒಂದೂ ಮುರಿದಿರಲಿಲ್ಲ, ಹಾಸಿದಲ್ಲೇ ಇದ್ದವು. ಈ ಸಲದ ಚಳಿ ಹೇಗಿತ್ತು ಅಂತ ನಿನಗೆ ಗೊತ್ತಲ್ಲ ವೆಂಕಟೂ. ನಾನು ಕೆಳಗೆ ಎರಡು ಕಂಬಳಿ ಹೊದ್ದು, ಮಗಳು ಮೇಲೆ ಬೆಚ್ಚಗಿದ್ದಾಳೆ ಅಂದುಕೊಂಡು ಮಲಗಿದ್ದೆ. ಅವಳು ಯಾವತ್ತೋ ಹೊದಿಕೆ ಬಿಟ್ಟಿದ್ದಾಳೆ. ನನಗೆ ನೋವಾಗಬಾರದು ಅಂತ ದಿನವೂ ಅದನ್ನು ನನ್ನ ಕಣ್ಣಿಗೆ ಕಾಣುವ ಹಾಗೆ ಇಟ್ಟಿದ್ದಾಳೆ, ನನ್ನ ಹೊಸ ಕೌದಿಗೆ ಗೆರೆಯನ್ನೂ ಎಳೆದುಕೊಟ್ಟಿದ್ದಾಳೆ. ಎಲೆಗಳನ್ನೆಲ್ಲ ಆರಿಸಿ, ಮೊದಲಿದ್ದ ಮಡಿಕೆಗಳಲ್ಲೇ ಹಾಸಿ, ಅವಳು ಇಟ್ಟ ಹಾಗೇ ಮಡಚಿಟ್ಟು ಇಳಿದು ಬಂದೆ. ಶನಿವಾರ ಅವಳಿಗೆ ಏನನ್ನೂ ಹೊದಿಸುವುದಿಲ್ಲ. ಭಾನುವಾರ ಕೇಳಿದರೆ ಹೂಂ ಅನ್ನುತ್ತೇನೆ. ಕೊನೆಯ ಸಾಲನ್ನೂ ಕೊಕ್ಕು ತಪ್ಪದ ಹಾಗೆ ಹೊಲಿದಿಡುತ್ತೇನೆ. ಅದನ್ನು ಯಾರು ಹೊದೆಯಬೇಕು ಅಂತ ನೀನೇ ಬಂದು ಹೇಳು.